ಹಂದಿಗೋಡು: ಒಂದು ಕೀಲುನೋವಿನ ಹೆಸರು ಬದಲಾದ ಕಥೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಈ ಸಲದ ಮಾತು ಶುರುವಾಗೋದು ಹೈದರಾಬಾದಿನ ಅಮೀರ್‌ಪೇಟ್ ಮೆಟ್ರೊ ಸ್ಟೇಷನ್ನಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ಕಡೆಯ ಹುಡುಗರಿಗೆ ಅಮೀರ್‌ಪೇಟ್ ಅಂದ್ರೆ ಸಾಫ್ಟ್‌ವೇರ್ ಕೋಚಿಂಗು, ಹಾಸ್ಟೆಲ್ಲು, ಗೋಡೆ ತುಂಬಾ ಪೋಸ್ಟರು. ಅದೇ ಜಿಲ್ಲೆಗಳ ಹಿರಿಯರಿಗೆ ಹೈದರಾಬಾದ್ ಅಂದ್ರೆ ದೊಡ್ಡಾಸ್ಪತ್ರೆ. ಅಮೀರ್‌ಪೇಟ್ ಎರಡು ಮೆಟ್ರೊ ದಾರಿ ಕೂಡುವ ಜಾಗ. ಕೆಂಪು ದಾರಿಯಲ್ಲಿ ಎಲ್‌.ಬಿ. ನಗರದ ಕಡೆಗೆ ಹೊರಟರೆ ಮುಂದಿನ ಸ್ಟೇಷನ್ನೇ ಪಂಜಾಗುಟ್ಟ. ಅಲ್ಲಿ ನಿಮ್ಸ್, ಅಂದರೆ ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್. ನಿಜಾಮರ ಹೆಸರಿನ ಮೂಳೆ ಆಸ್ಪತ್ರೆಯಾಗಿ ಹುಟ್ಟಿ, ಆಮೇಲೆ ಎಲ್ಲ ರೋಗಕ್ಕೂ ದೊಡ್ಡ ಸಂಸ್ಥೆಯಾಗಿ ಬೆಳೆದದ್ದು. ಅಲ್ಲಿನ ರುಮಟಾಲಜಿ ವಿಭಾಗದಲ್ಲಿ ಸಂಧಿವಾತ, ಲೂಪಸ್‌ನಂಥ ಕಾಯಿಲೆಗಳಿಗೆ ಚಿಕಿತ್ಸೆಯೂ ನಡೆಯುತ್ತೆ, ಹೊಸ ತಜ್ಞರ ತರಬೇತಿಯೂ ನಡೆಯುತ್ತೆ.

ಇನ್ನೊಂದು ದಾರಿ ನೀಲಿ. ನಾಗೋಲ್ ಕಡೆಯ ರೈಲು ಹತ್ತಿದರೆ ಬೇಗಂಪೇಟ್, ಪ್ಯಾರಡೈಸ್, ಸಿಕಂದರಾಬಾದ್ ದಾಟಿ ಎಂಟನೇ ಸ್ಟೇಷನ್ ತಾರ್ನಾಕ. ಉಸ್ಮಾನಿಯಾ ವಿಶ್ವವಿದ್ಯಾಲಯದ ಆ ಆಸುಪಾಸಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ ಎನ್‌ಐಎನ್. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಸಣ್ಣ ಊರಿನ ಕೀಲುನೋವು ವೈದ್ಯಕೀಯ ಪತ್ರಿಕೆಗಳ ಪುಟ ಸೇರಿದ್ದು ಈ ಸಂಸ್ಥೆಯ ಸಂಶೋಧಕರಿಂದ. ಆ ಊರು ಹಂದಿಗೋಡು. ಅಲ್ಲಿನ ಜನರ ನೋವಿಗೆ ವಿಜ್ಞಾನಿಗಳು ಮೊದಲು ಒಂದು ಹೆಸರು ಕೊಟ್ಟರು, ಆಮೇಲೆ ಬೇರೆಯದನ್ನು ಕೊಟ್ಟರು. ಹೆಸರು ಬದಲಾದಾಗ ರೋಗಿಗೆ ಏನು ಬದಲಾಗುತ್ತೆ ಅನ್ನೋದೇ ಇವತ್ತಿನ ಪ್ರಶ್ನೆ.

ಎಲ್ಲ ಕೀಲುನೋವೂ ಒಂದೇ ಅಲ್ಲ

ಮನೆಯಲ್ಲಿ ಅಜ್ಜಿ "ಮಂಡಿ ಹಿಡ್ಕೊಂಡಿದೆ" ಅಂದ್ರೆ ನಾವು "ವಾತ" ಅಂದುಬಿಡ್ತೀವಿ. ಮೊದಲು ಇದನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಇಲ್ಲದಿದ್ದರೆ ಮುಂದಿನ ಕಥೆ ಅರ್ಥ ಆಗಲ್ಲ.

ಒಂದು ಬಗೆ ಉರಿಯೂತದ್ದು. ರುಮಟಾಯ್ಡ್ ಆರ್ಥ್ರೈಟಿಸ್ ಇದಕ್ಕೆ ಒಳ್ಳೆ ಉದಾಹರಣೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿ ನಮ್ಮ ಕೀಲಿನ ಒಳಪದರದ ಮೇಲೆ ಬೀಳುತ್ತೆ. ಸಾಮಾನ್ಯವಾಗಿ ಕೈಬೆರಳು, ಮಣಿಕಟ್ಟಿನಂಥ ಸಣ್ಣ ಕೀಲುಗಳು ಎರಡೂ ಕಡೆ ಊದಿಕೊಳ್ತವೆ. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕಾಗಲ್ಲ. ಇಂಥ ರೋಗಿಗಳ ರಕ್ತದಲ್ಲಿ ವಿಶೇಷವಾದದ್ದೊಂದು ಇದೆ ಅಂತ ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಬರೆದರು. ಇವತ್ತು ಲ್ಯಾಬಿನಲ್ಲಿ ಮಾಡಿಸುವ ಆರ್‌.ಎ. ಫ್ಯಾಕ್ಟರ್ ಪರೀಕ್ಷೆಯ ಬೇರು ಅದೇ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಈ ಕಾಯಿಲೆಯ ಒಬ್ಬ ಹೆಣ್ಣುಮಗಳಿಗೆ ಕಾರ್ಟಿಸೋನ್ ಕೊಟ್ಟರು. ಹಾಸಿಗೆ ಹಿಡಿದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ದೆಹಲಿ ಹತ್ತಿರದ ಬಲ್ಲಭ್‌ಗಡದ ಹಳ್ಳಿಗಳಲ್ಲಿ ಎಣಿಸಿ, ದೊಡ್ಡವರಲ್ಲಿ ಶೇ. 0.75ರಷ್ಟು ಜನಕ್ಕೆ ಈ ಕಾಯಿಲೆ ಇದೆ ಅಂತ ಡಾ. ಮಾಳವೀಯ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು.

ಇನ್ನೊಂದು ಬಗೆ ಸವೆತದ್ದು, ಆಸ್ಟಿಯೊ ಆರ್ಥ್ರೈಟಿಸ್. ಮೂಳೆಯ ತುದಿಗೆ ಇರೋ ಮೃದ್ವಸ್ಥಿ ತೇದು, ಮೂಳೆಗೆ ಮೂಳೆ ಉಜ್ಜೋದು. ವಯಸ್ಸಾದವರಿಗೆ ಬರೋದು ಹೆಚ್ಚಾಗಿ ಇದು.

ಮೂರನೆಯದು ನಾವು ಯೋಚನೆಯನ್ನೇ ಮಾಡದೆ ಇರೋದು. ಮೂಳೆ ಬೆಳೆಯುವಾಗಲೇ ಅದರ ಆಕಾರ ಸರಿಯಾಗಿ ಮೂಡದೆ ಇರೋದು. ಬಾಗಿಲು ಮಾಡುವಾಗಲೇ ತಿರುಗಣಿ ಓರೆಯಾಗಿದ್ದರೆ ಹತ್ತು ವರ್ಷಕ್ಕೇ ಸವೆದು ಕೂರುತ್ತೆ ಅಲ್ವಾ, ಹಾಗೆ. ಇಲ್ಲಿ ನೋವು ಬರೋದು ಕೀಲಿನಲ್ಲೇ. ಎಕ್ಸ್‌ರೇಯಲ್ಲಿ ಸವೆತವೂ ಕಾಣುತ್ತೆ. ಆದರೆ ಮೂಲ ಬೆಳವಣಿಗೆಯಲ್ಲಿದೆ. ಈ ಮೂರನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ತಟ್ಟೆಯಲ್ಲಿ ರೋಗ ಹುಡುಕುವ ಸಂಸ್ಥೆ

ಈಗ ತಾರ್ನಾಕದ ಸಂಸ್ಥೆಗೆ ಬರೋಣ. ಇದು ಹೈದರಾಬಾದಿನಲ್ಲಿ ಹುಟ್ಟಿದ್ದಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ ಬೆರಿಬೆರಿ ಕಾಯಿಲೆಯ ವಿಚಾರಣೆಗೆ ಅಂತ ಶುರು ಮಾಡಿದ್ದು. 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಬಂತು.

ಈ ಸಂಸ್ಥೆಯವರಿಗೆ ಒಂದು ಅಭ್ಯಾಸ. ಎಲ್ಲಾದರೂ ವಿಚಿತ್ರ ಕಾಯಿಲೆ ಅಂದರೆ ಮೊದಲು ಊಟದ ತಟ್ಟೆ ನೋಡೋದು. ಅದಕ್ಕೆ ಕಾರಣವೂ ಇತ್ತು. ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರ ಕಾಯಿಲೆ ಮೆಕ್ಕೆಜೋಳ ತಿನ್ನುವವರಿಗೆ ಬರುತ್ತೆ ಅಂತ ಪ್ರಪಂಚ ನಂಬಿತ್ತು. ಜೋಳವನ್ನೇ ನಂಬಿ ಬದುಕುವ ನಮ್ಮ ದಖ್ಖನಿನ ಬಡವರಿಗೂ ಬರುತ್ತೆ ಅಂತ ಗಮನಿಸಿ, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಕಡೆ ಬೆರಳು ತೋರಿಸಿದವರು ಗೋಪಾಲನ್ ಮತ್ತು ಶ್ರೀಕಂಠಯ್ಯ. 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. 1973ರಲ್ಲಿ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅದೇ ಲ್ಯಾನ್ಸೆಟ್‌ನಲ್ಲಿ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶದ ಮಕ್ಕಳ ಮಂಡಿ ಒಂದಕ್ಕೊಂದು ತಾಗುವಂತೆ ಒಳಕ್ಕೆ ಬಾಗುವುದನ್ನು ವಿವರಿಸಿದರು. 1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಕಾಮಾಲೆಯಂಥ ಕಾಯಿಲೆಗೆ ನೂರಕ್ಕೂ ಹೆಚ್ಚು ಜನ ಸತ್ತರು. ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ಎಂಬ ವಿಷ ಕಾರಣ ಅಂತ ತೋರಿಸಿದ ತಂಡದಲ್ಲಿ ಕೃಷ್ಣಮಾಚಾರಿ ಮತ್ತು ರಮೇಶ್ ಭಟ್ ಇದ್ದರು.

ಅಂದ್ರೆ 1975ರ ಹೊತ್ತಿಗೆ ಈ ಜನ ಮೂಳೆಯನ್ನೂ ನೋಡಿದ್ದರು, ತಟ್ಟೆಯಲ್ಲಿನ ವಿಷವನ್ನೂ ಕಂಡಿದ್ದರು. ಆ ಹೊತ್ತಿಗೇ ಮಲೆನಾಡಿನಿಂದ ಸುದ್ದಿ ಬಂತು.

1974–75, ಹಂದಿಗೋಡು

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನರಿಗೆ ಸೊಂಟದ ಕೀಲು, ಮಂಡಿ ಹಿಡಿದುಕೊಳ್ಳುತ್ತಿತ್ತು. ನೋವು ಹೆಚ್ಚಾದಂತೆ ನಡಿಗೆ ವಾಲುತ್ತೆ, ಕೋಲು ಬೇಕಾಗುತ್ತೆ, ಕೆಲವರಿಗೆ ಕೂತಲ್ಲಿಂದ ಏಳೋಕೇ ಆಗಲ್ಲ. ಕೆಲವರ ಎತ್ತರವೇ ಕಮ್ಮಿ. ಹುಡುಕುತ್ತಾ ಹೋದಂತೆ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇಂಥವರು ಕಂಡರು.

ಗಮನಿಸಬೇಕಾದ್ದು ಏನಂದ್ರೆ, ಕಾಯಿಲೆ ಕಂಡದ್ದು ಚನ್ನಂಗಿ ಮತ್ತು ಚಲವಾದಿ ಎಂಬ ಎರಡು ದಲಿತ ಸಮುದಾಯಗಳ ಮನೆಗಳಲ್ಲಿ. ಬಹುತೇಕ ಗದ್ದೆ ಕೂಲಿಯ ಜನ. ಅದೇ ಊರು, ಅದೇ ಮಳೆ, ಅದೇ ಗದ್ದೆಯ ನೀರು. ಆದರೂ ಪಕ್ಕದ ಕೇರಿಯಲ್ಲಿ ಕಾಯಿಲೆ ಇಲ್ಲ.

ಆಗ ಎದ್ದ ಮಾತು ಏಡಿಯದು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ಗದ್ದೆಯ ಏಡಿ, ಮೀನು ಬಡವರ ಮನೆಯ ಸಾರು. ಹೊಸ ತಳಿಯ ಭತ್ತ ಬಂದ ಕಾಲ ಅದು, ಅದರ ಹಿಂದೆಯೇ ಎಂಡ್ರಿನ್, ಫಾಲಿಡಾಲ್ ಥರದ ಔಷಧಿಗಳೂ ಗದ್ದೆಗೆ ಬಂದವು. ವಿಷ ಹೊಡೆದ ಗದ್ದೆಯ ಏಡಿ ತಿಂದದ್ದೇ ಈ ರೋಗಕ್ಕೆ ಕಾರಣ ಅನ್ನೋ ಮಾತು ಹರಡಿತು. ಪರಿಸರದ ಬಗ್ಗೆ ಬರೆಯುವವರ ಲೇಖನಗಳಲ್ಲಿ ಈ ಕಥೆ ಎಷ್ಟೋ ವರ್ಷ ಓಡಾಡಿತು. ಈಗಲೂ ಅಲ್ಲಲ್ಲಿ ಓದಲು ಸಿಗುತ್ತೆ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಅನುಮಾನ ಸಕಾರಣವಾಗಿತ್ತು. 1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಸೋರಿ ಬೆರೆತ ಗೋಧಿಯ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. 1968ರ ಕೀಟನಾಶಕ ಕಾಯ್ದೆ ಬಂದದ್ದೇ ಆ ದುರಂತದ ಹಿನ್ನೆಲೆಯಲ್ಲಿ. ಎಂಡ್ರಿನ್ ಅನ್ನು ಭಾರತ ಕೊನೆಗೆ 1990ರಲ್ಲಿ ನಿಷೇಧ ಮಾಡಿತು. ಆ ಔಷಧಿಗಳು ವಿಷ ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಆದರೆ ಪ್ರಶ್ನೆ ಅದಲ್ಲ. ಈ ಸೊಂಟದ ಕೀಲುಗಳನ್ನು ಹಾಳು ಮಾಡಿದ್ದು ಅದೇನಾ ಅನ್ನೋದು ಪ್ರಶ್ನೆ.

ಒಂದು ಶೀರ್ಷಿಕೆಯ ನಾಲ್ಕು ಪದ

1977ರಲ್ಲಿ ಎನ್‌ಐಎನ್‌ನ ಭಟ್ ಮತ್ತು ಕೃಷ್ಣಮಾಚಾರಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಒಂದು ಸಾಂಕ್ರಾಮಿಕಶಾಸ್ತ್ರದ ಅಧ್ಯಯನ ಪ್ರಕಟಿಸಿದರು. ಮರುವರ್ಷ ಅದೇ ಇಬ್ಬರು ಉಷ್ಣವಲಯದ ವೈದ್ಯಕೀಯದ ಒಂದು ವಿದೇಶಿ ಪತ್ರಿಕೆಯಲ್ಲಿ ಇನ್ನೊಂದು ಬರೆದರು. ಎರಡರಲ್ಲೂ ಕಾಯಿಲೆಯ ಹೆಸರು ಒಂದೇ. ಕನ್ನಡದಲ್ಲಿ ಹೇಳೋದಾದ್ರೆ: ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ.

ನಾಲ್ಕೇ ಪದ. ಒಂದೊಂದೂ ಒಂದು ಸುಳಿವು.

"ಮಲೆನಾಡಿನ" ಅಂದರೆ ಬೇರೆಲ್ಲೂ ಕಾಣದ್ದು. "ಸ್ಥಳೀಯ" ಅಂದರೆ ಆ ಜಾಗಕ್ಕೆ ಅಂಟಿಕೊಂಡದ್ದು. ನೀರಿರಬಹುದು, ಮಣ್ಣಿರಬಹುದು, ಆಹಾರ ಇರಬಹುದು. "ಕೌಟುಂಬಿಕ" ಅಂದರೆ ಕೆಲವು ಮನೆಗಳಲ್ಲೇ ಮತ್ತೆ ಮತ್ತೆ ಕಾಣೋದು. "ಸಂಧಿವಾತ" ಅಂದರೆ ಕೀಲಿನ ಕಾಯಿಲೆ. ಎರಡು ಅನುಮಾನಗಳನ್ನೂ ಅವರು ಹೆಸರಿನಲ್ಲೇ ಅಕ್ಕಪಕ್ಕ ಕೂರಿಸಿದ್ದರು ನೋಡಿ. ಒಂದು ಕಣ್ಣು ನೆಲದ ಮೇಲೆ, ಒಂದು ಕಣ್ಣು ಮನೆತನದ ಮೇಲೆ.

ಈಗ ಕಥೆಯ ಗಂಟು ಇಲ್ಲಿದೆ. ಏಡಿಯ ವಾದಕ್ಕೂ ಮನೆತನದ ವಾದಕ್ಕೂ ಮೇಲ್ನೋಟಕ್ಕೆ ಒಂದೇ ಸಾಕ್ಷಿ. ಯಾಕೆ ಈ ಎರಡು ಜಾತಿಗಳಿಗೇ ಬಂತು? ಏಡಿ ಅನ್ನೋರು ಹೇಳ್ತಾರೆ, ಗದ್ದೆಯ ಏಡಿ ಹಿಡಿದು ತಿನ್ನೋರು ಅವರೇ, ಮೇಲ್ಜಾತಿಯವರು ತಿನ್ನಲ್ಲ. ಮನೆತನ ಅನ್ನೋರು ಹೇಳ್ತಾರೆ, ಅವರು ಅವರವರೊಳಗೇ ಮದುವೆ ಆಗೋರು, ಹೊರಗಿನವರು ಅವರನ್ನು ಮದುವೆ ಆಗಲ್ಲ. ನಮ್ಮೂರುಗಳಲ್ಲಿ ಜಾತಿ ಅಂದ್ರೆ ಏನು? ಯಾರು ಏನು ತಿನ್ನುತ್ತಾರೆ ಅನ್ನೋ ಗೆರೆ, ಯಾರು ಯಾರನ್ನು ಮದುವೆ ಆಗ್ತಾರೆ ಅನ್ನೋ ಗೆರೆ. ಎರಡು ಗೆರೆಯೂ ಒಂದರ ಮೇಲೊಂದು ಬಿದ್ದಿವೆ. ಕೇರಿಯ ನಕ್ಷೆ ನೋಡಿ ಕಾರಣ ಹೇಳೋಕೆ ಆಗಲ್ಲ.

ಹಾಗಾದರೆ ಬಿಡಿಸೋದು ಹೇಗೆ? ಕೇರಿ ಬಿಟ್ಟು ಮನೆಯೊಳಕ್ಕೆ ಹೋಗಬೇಕು. ವಂಶವೃಕ್ಷ ಬರೀಬೇಕು. ವಿಷವೇ ಕಾರಣ ಆಗಿದ್ದರೆ ಒಂದೇ ಮಡಕೆಯ ಸಾರು ಉಂಡವರೆಲ್ಲ ಅಪಾಯದಲ್ಲಿರಬೇಕು. ಅತ್ತೆಮನೆಗೆ ಬಂದು ಅದೇ ಸಾರು ಉಂಡ ಸೊಸೆಗೂ ಬರಬೇಕು. ಮನೆತನದ್ದಾಗಿದ್ದರೆ ಲೆಕ್ಕ ಬೇರೆ. ಕಾಯಿಲೆ ಇರುವ ತಂದೆಯದೋ ತಾಯಿಯದೋ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಬರುತ್ತೆ, ಗಂಡು ಹೆಣ್ಣು ಭೇದ ಇಲ್ಲ. ಕಾಯಿಲೆ ಇಲ್ಲದ ಅಣ್ಣನ ಮಕ್ಕಳಿಗೆ ಬರಲ್ಲ. ಒಂದೇ ಸೂರಿನಡಿ, ಒಂದೇ ಒಲೆಯ ಊಟ ಉಂಡು ಬೆಳೆದ ಅಣ್ಣತಮ್ಮಂದಿರ ಮಕ್ಕಳ ನಡುವಿನ ಈ ವ್ಯತ್ಯಾಸವೇ ಸಾಕ್ಷಿ. ತಲೆಮಾರಿನಿಂದ ತಲೆಮಾರಿಗೆ ಬಿಡದೆ ಇಳಿಯುವ ಇಂಥ ಅನುವಂಶಿಕತೆಗೆ ವಿಜ್ಞಾನದಲ್ಲಿ ಪ್ರಬಲ ಅನುವಂಶಿಕತೆ ಅಂತಾರೆ. ಹಂದಿಗೋಡಿನ ಕಾಯಿಲೆ ಈ ಬಗೆಯದು ಅಂತ ಸಂಶೋಧಕರು ತೀರ್ಮಾನಿಸಿದರು.

ಅದು ನಿಜವಾದರೆ ಇನ್ನೊಂದು ಮಾತೂ ಒಪ್ಪಬೇಕಾಗುತ್ತೆ. ಬೇರೆ ಬೇರೆ ಹಳ್ಳಿಗಳ ಬೇರೆ ಬೇರೆ ಮನೆಗಳಲ್ಲಿ ಹಂಚಿಹೋಗಿರೋ ಒಂದು ದೋಷ 1974ರಲ್ಲಿ ದಿಢೀರ್ ಅಂತ ಹುಟ್ಟೋಕೆ ಸಾಧ್ಯ ಇಲ್ಲ. ಅದು ಎಷ್ಟೋ ತಲೆಮಾರಿನ ಹಿಂದೆ ಒಬ್ಬ ಹಿರಿಯರಿಂದ ಇಳಿದು ಬಂದಿರಬೇಕು. 1974–75ರಲ್ಲಿ ಹೊಸದಾಗಿ ಬಂದದ್ದು ಕಾಯಿಲೆಗಿಂತ ಹೆಚ್ಚಾಗಿ ನಮ್ಮ ಕಣ್ಣು. ಅದಕ್ಕೆ ಮುಂಚೆ ಕೂಲಿಯವನ ಕುಂಟು ನಡಿಗೆಯನ್ನು ಯಾರೂ ಕಾಯಿಲೆ ಅಂತ ಬರೆದಿಟ್ಟಿರಲಿಲ್ಲ.

1994: ಹೆಸರು ಬದಲಾಯಿತು

ಮುಂದಿನ ಹೆಜ್ಜೆ ಲಖನೌದಿಂದ. ಅಲ್ಲಿನ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ತಳಿವಿಜ್ಞಾನಿ ಎಸ್‌.ಎಸ್‌. ಅಗರ್‌ವಾಲ್, ಶುಭಾ ಫಡ್ಕೆ ಮತ್ತು ಸಂಗಡಿಗರು ಹಂದಿಗೋಡು ಕಾಯಿಲೆಯವರ ಎಕ್ಸ್‌ರೇಗಳ ಅಧ್ಯಯನವನ್ನು 1994ರಲ್ಲಿ ಸ್ಕೆಲಿಟಲ್ ರೇಡಿಯಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ "ಸಂಧಿವಾತ" ಅನ್ನೋ ಪದ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದದ್ದು ಬಾಯಿ ತುಂಬುವ ಹೆಸರು: ಸ್ಪಾಂಡಿಲೊ ಎಪಿ ಮೆಟಾ ಫೈಸಿಯಲ್ ಡಿಸ್‌ಪ್ಲೇಸಿಯಾ. ಹೆದರಬೇಡಿ. ಸ್ಪಾಂಡಿಲೊ ಅಂದ್ರೆ ಬೆನ್ನುಮೂಳೆ. ಎಪಿ, ಮೆಟಾ ಅಂದ್ರೆ ಉದ್ದ ಮೂಳೆಯ ತುದಿ ಮತ್ತು ಅದರ ಪಕ್ಕದ ಭಾಗ. ಡಿಸ್‌ಪ್ಲೇಸಿಯಾ ಅಂದ್ರೆ ಬೆಳವಣಿಗೆಯ ದೋಷ. ನಾನು ಆಗ ಹೇಳಿದ ಮೂರನೇ ಬಗೆ, ಓರೆ ತಿರುಗಣಿಯ ಬಾಗಿಲು, ಅದೇ ಇದು.

ಕಾಯಿಲೆ ಎಲ್ಲರಲ್ಲೂ ಒಂದೇ ಥರ ಇರಲ್ಲ. ಮೂರು ರೂಪಗಳಲ್ಲಿ ಗುರುತಿಸುತ್ತಾರೆ. ಮೊದಲನೆಯವರು ಎಲ್ಲರಷ್ಟೇ ಎತ್ತರ, ನೋಡಿದರೆ ಏನೂ ಗೊತ್ತಾಗಲ್ಲ, ಆದರೆ ಸೊಂಟದ ಕೀಲು ಸವೆದಿರುತ್ತೆ. ಎರಡನೆಯವರಲ್ಲಿ ಕೀಲಿನ ಸವೆತದ ಜೊತೆ ಕುಳ್ಳತನವೂ ಇರುತ್ತೆ. ಮೂರನೆಯವರಲ್ಲಿ ಸೊಂಟ, ಮಂಡಿ, ಕೈ ಎಲ್ಲ ಕಡೆ ಮೂಳೆಯ ಆಕಾರವೇ ಬದಲಾಗಿರುತ್ತೆ, ಎತ್ತರ ಬಹಳ ಕಮ್ಮಿ.

ಪ್ರಪಂಚದಲ್ಲಿ ಹಂದಿಗೋಡಿಗೆ ಹತ್ತಿರದ ನೆಂಟ ಅಂದ್ರೆ ದಕ್ಷಿಣ ಆಫ್ರಿಕಾದ ಎಂಸೆಲೆನಿ. ಜುಲು ಜನರ ಆ ಪ್ರದೇಶದಲ್ಲೂ ಸೊಂಟದ ಕೀಲು ಹಾಳಾಗೋ ಕಾಯಿಲೆ ಇದೆ ಅಂತ 1970ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿಯಾಗಿತ್ತು. ಕೇಪ್‌ಟೌನಿನ ಪೀಟರ್ ಬೈಟನ್ ಮತ್ತು ಸಂಗಡಿಗರು ಲಖನೌದವರ ಜೊತೆ ಸೇರಿ 1997ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಮೈ ಕೀಲುಗಳು ಎಷ್ಟು ಬಾಗುತ್ತವೆ ಅಂತ ಅಳೆಯೋ ಬೈಟನ್ ಅಂಕವನ್ನು ರುಮಟಾಲಜಿ ವೈದ್ಯರು ದಿನಾ ಬಳಸ್ತಾರಲ್ಲ, ಅದೇ ಬೈಟನ್. ಎರಡು ಖಂಡ, ಎರಡು ಬಡ ಜನಾಂಗ, ಒಂದೇ ಕೀಲು.

ಹೆಸರಿನಿಂದ ಏನಾಗುತ್ತೆ?

ಈಗ ನೀವು ಕೇಳಬಹುದು, ಸಂಧಿವಾತ ಅಂದ್ರೇನು, ಡಿಸ್‌ಪ್ಲೇಸಿಯಾ ಅಂದ್ರೇನು, ನೋವು ನೋವೇ ಅಲ್ವಾ? ನೋವು ಅಷ್ಟೇ ನಿಜ, ಆದರೆ ಹೆಸರು ಮೂರು ಕಡೆ ಕೆಲಸ ಮಾಡುತ್ತೆ.

ಒಂದು, ಔಷಧಿ. ಉರಿಯೂತದ ಸಂಧಿವಾತಕ್ಕೆ ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳಿವೆ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸೋದು ಅವುಗಳ ಕೆಲಸ. ಆಕಾರವೇ ಕೆಟ್ಟ ಮೂಳೆಗೆ ಅವುಗಳಿಂದ ಉಪಯೋಗ ಇಲ್ಲ. ಅಷ್ಟೇ ಅಲ್ಲ, ಸ್ಟೀರಾಯ್ಡ್ ಹೆಚ್ಚು ಕಾಲ ನುಂಗಿದರೆ ಸೊಂಟದ ಮೂಳೆಯ ತಲೆಗೆ ರಕ್ತ ಸಿಗದೆ ಅದೇ ಕೊಳೆಯುವ ಅಪಾಯ ಇದೆ. ಸೊಂಟದ ಕೀಲೇ ಮೊದಲು ಹೋಗೋ ಕಾಯಿಲೆಯಲ್ಲಿ ಇದು ಗಾಯದ ಮೇಲೆ ಬರೆ. ಇಲ್ಲಿ ಬೇಕಾಗೋದು ನೋವು ಕಮ್ಮಿ ಮಾಡೋದು, ವ್ಯಾಯಾಮ, ಮತ್ತು ಕೀಲು ಪೂರ್ತಿ ಹೋದಾಗ ಬದಲಿ ಕೀಲು. ಬದಲಿ ಸೊಂಟದ ಕೀಲನ್ನು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಒಂದು ಹದಕ್ಕೆ ತಂದರು. ಈಗ ದೊಡ್ಡ ಊರುಗಳಲ್ಲೆಲ್ಲ ಮಾಡ್ತಾರೆ. ಆದರೆ ಬದಲಿ ಕೀಲು ಹಾಕಿಸಿಕೊಂಡವರಿಗೆ ವೈದ್ಯರು ಹೇಳೋದು ಏನು? ಕುಕ್ಕರಗಾಲಲ್ಲಿ ಕೂರಬೇಡಿ, ತುಂಬಾ ಬಗ್ಗಬೇಡಿ. ಗದ್ದೆ ನಾಟಿ ಮಾಡಿ ಬದುಕೋ ಹೆಣ್ಣುಮಗಳಿಗೆ ಬಗ್ಗದೆ ಇರೋದು ಅಂದ್ರೆ ಕೂಲಿ ಬಿಡೋದು. ನಡೆಯೋ ಶಕ್ತಿ ಬಂತು, ದುಡಿಮೆ ಹೋಯ್ತು. ಆಪರೇಷನ್ ಜೊತೆಗೆ ಬೇರೆ ಕೆಲಸದ ದಾರಿಯನ್ನೂ ಯೋಚನೆ ಮಾಡಬೇಕು ಅನ್ನೋದು ಅದಕ್ಕೇ.

ಎರಡು, ಸರ್ಟಿಫಿಕೇಟು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯ ಇದ್ದದ್ದು. 2016ರ ಹೊಸ ಕಾಯ್ದೆಯಲ್ಲಿ ಅದು 21 ಆಯಿತು, ಕುಬ್ಜತೆಯೂ ಅದರಲ್ಲಿ ಸೇರಿತು. ದೊಡ್ಡವರ ಎತ್ತರ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಆ ಹೆಸರಿನಲ್ಲಿ ಅರ್ಜಿ ಹಾಕಬಹುದು. ಸವಲತ್ತುಗಳಿಗೆ ಸಾಮಾನ್ಯವಾಗಿ ಶೇ. 40ರ ಮಿತಿ. ಈಗ ಯೋಚನೆ ಮಾಡಿ. ಹಂದಿಗೋಡಿನ ಮೂರನೇ ರೂಪದವರನ್ನು ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತೆ. ಮೊದಲನೇ ರೂಪದವರು ಎಲ್ಲರಷ್ಟೇ ಎತ್ತರ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅಂದರೆ ಮುಗೀತು. ಅವರ ಪಾಲಿಗೆ ಎಕ್ಸ್‌ರೇ ಒಂದೇ ಸಾಕ್ಷಿ. ಒಂದೇ ಮನೆಯಲ್ಲಿ, ಒಂದೇ ದೋಷದಿಂದ ನರಳೋ ಅಪ್ಪ ಮಗಳಿಗೆ ಬೇರೆ ಬೇರೆ ಕಾಲಂ. ಇವೆರಡೂ ಒಂದೇ ಕಾಯಿಲೆ ಅಂತ ಹೇಳೋ ಶಕ್ತಿ ಆ ಉದ್ದ ಹೆಸರಿಗೆ ಇದೆ.

ಮೂರು, ತಪ್ಪು ಯಾರ ಮೇಲೆ ಅನ್ನೋದು. ನನ್ನ ಮಟ್ಟಿಗೆ ದೊಡ್ಡದು ಇದೇ. ಏಡಿ ಅಂದಾಗ ತಪ್ಪು ತಿಂದವರ ಬಾಯಿಯ ಮೇಲೂ ಬಿತ್ತು, ಔಷಧಿ ಹೊಡೆದವರ ಮೇಲೂ ಬಿತ್ತು. ಮನೆತನ ಅಂದ ತಕ್ಷಣ ಇನ್ನೊಂದು ಮಾತು ಬರುತ್ತೆ: "ಸಂಬಂಧದಲ್ಲೇ ಮದುವೆ ಆಗ್ತಾರೆ, ಅದಕ್ಕೇ ಹೀಗೆ." ಈ ಮಾತನ್ನು ಓದಿದವರೂ ಹೇಳ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಕ್ಕನ ಮಗಳು, ಸೋದರತ್ತೆ ಮಗ ಅಂತ ಮದುವೆ ಆಗೋದರಿಂದ ಹೆಚ್ಚಾಗೋದು ಬೇರೆ ಬಗೆಯ ಅನುವಂಶಿಕ ಕಾಯಿಲೆ. ಅದರಲ್ಲಿ ದೋಷದ ಎರಡು ಪ್ರತಿ ಬೇಕು, ತಂದೆಯಿಂದ ಒಂದು, ತಾಯಿಯಿಂದ ಒಂದು. ಅಪ್ಪ ಅಮ್ಮ ನೆಂಟರಾಗಿದ್ದರೆ ಇಬ್ಬರಲ್ಲೂ ಅದೇ ದೋಷ ಇರೋ ಸಾಧ್ಯತೆ ಹೆಚ್ಚು. ಹಂದಿಗೋಡಿನದು ಪ್ರಬಲ ಬಗೆ. ಇಲ್ಲಿ ಒಂದೇ ಪ್ರತಿ ಸಾಕು. ಕಾಯಿಲೆ ಇರೋ ವ್ಯಕ್ತಿ ತನ್ನ ಸೋದರಮಾವನ ಮಗಳನ್ನು ಮದುವೆ ಆದರೂ, ಯಾವುದೋ ದೇಶದವಳನ್ನು ಮದುವೆ ಆದರೂ, ಹುಟ್ಟೋ ಪ್ರತಿ ಮಗುವಿಗೂ ಅಪಾಯ ಅರ್ಧಕ್ಕರ್ಧ ಇದ್ದೇ ಇದೆ. ಅಂದರೆ ಒಂದು ಮಗುವಿಗೆ ಕಾಯಿಲೆ ಬಂದದ್ದಕ್ಕೆ ಅಪ್ಪ ಅಮ್ಮ ಯಾರನ್ನು ಆರಿಸಿಕೊಂಡರು ಅನ್ನೋದನ್ನು ದೂರೋಕೆ ಆಗಲ್ಲ.

ಹಾಗಾದರೆ ಆ ಎರಡು ಸಮುದಾಯಗಳಲ್ಲೇ ಯಾಕೆ ಉಳಿಯಿತು? ಆ ಮನೆಗಳಿಗೆ ಬೇರೆ ಜಾತಿಯವರು ಹೆಣ್ಣು ಕೊಡಲಿಲ್ಲ, ತರಲಿಲ್ಲ. ಗೋಡೆ ಕಟ್ಟಿದವರು ಒಳಗಿನವರಲ್ಲ. ನೂರಾರು ವರ್ಷದಿಂದ ಊರು ಹಾಕಿದ ಗೆರೆಯ ಒಳಗೆ ಒಬ್ಬ ಹಿರಿಯರ ಮೂಳೆಯ ದೋಷ ಸುತ್ತಿತು. ಗೆರೆಯ ಆಚೆ ಇದ್ದವರು ಪಾರಾದರು. ಅವರೇ ಈಗ "ಒಳಗೊಳಗೇ ಮದುವೆ ಆಗ್ತಾರೆ" ಅಂತ ಹೇಳಿದರೆ ಅದು ನ್ಯಾಯವಾ, ನೀವೇ ಹೇಳಿ.

ಮೊದಲಿನವರು ತಪ್ಪು ಮಾಡಿದರಾ?

1977ರ ಹೈದರಾಬಾದಿನ ಸಂಶೋಧಕರು ತಪ್ಪು ಹೆಸರು ಇಟ್ಟರು ಅಂತ ನಾನು ಹೇಳ್ತಿಲ್ಲ. ಕೀಲಿನ ಕಾಯಿಲೆ ಅನ್ನೋದು ನಿಜ, ಕೌಟುಂಬಿಕ ಅನ್ನೋದು ನಿಜ, ಮಲೆನಾಡಿನದು ಅನ್ನೋದೂ ನಿಜ. ಮೂಲೆಯ ಕೇರಿಯೊಂದರ ನೋವನ್ನು ಅವರು ಪತ್ರಿಕೆಯಲ್ಲಿ ಬರೆದದ್ದರಿಂದಲೇ ಹದಿನೇಳು ವರ್ಷದ ಮೇಲೆ ಲಖನೌದವರು, ಇಪ್ಪತ್ತು ವರ್ಷದ ಮೇಲೆ ಕೇಪ್‌ಟೌನಿನವರು ಅದನ್ನು ಮುಂದಕ್ಕೆ ಒಯ್ಯೋದು ಸಾಧ್ಯವಾಯ್ತು. ಬರೆದಿಟ್ಟದ್ದನ್ನು ತಿದ್ದಬಹುದು, ಬರೆಯದೇ ಇದ್ದದ್ದನ್ನು ತಿದ್ದೋಕಾಗಲ್ಲ.

ಆದರೆ ಇನ್ನೊಂದು ಕಡೆಯೂ ಇದೆ. ಪ್ರಬಂಧ ಇಂಗ್ಲಿಷಿನಲ್ಲಿ ಬಂತು, ತಿದ್ದುಪಡಿಯೂ ಇಂಗ್ಲಿಷಿನಲ್ಲೇ ಬಂತು. ಕನ್ನಡದಲ್ಲಿ ಉಳಿದದ್ದು ಏಡಿಯ ಕಥೆ. ಕಥೆಗೆ ಕಾಲಿದೆ, ತಿದ್ದುಪಡಿಗೆ ಇಲ್ಲ. ಒಂದು ಊರಿನ ಹೆಸರು ಕಾಯಿಲೆಯ ಹೆಸರಾಗಿ ಪ್ರಪಂಚ ಸುತ್ತಿತು. ಆ ಊರಿನವರಿಗೆ "ಇದು ನಿಮ್ಮ ತಪ್ಪಲ್ಲ, ಅಂಟುರೋಗ ಅಲ್ಲ, ಮುಟ್ಟಿದರೆ ಬರಲ್ಲ, ತಿಂದದ್ದರಿಂದ ಬಂದದ್ದಲ್ಲ, ಕಾಯಿಲೆ ಇಲ್ಲದ ನಿಮ್ಮ ಮಗನ ಮಕ್ಕಳಿಗೆ ಇದರ ಭಯ ಬೇಡ" ಅನ್ನೋ ಐದು ಮಾತು ಕನ್ನಡದಲ್ಲಿ ತಲುಪಬೇಕಿತ್ತು. ಇದರಲ್ಲಿ ಕೊನೆಯದು ಎಷ್ಟು ದೊಡ್ಡ ಸಮಾಧಾನ ನೋಡಿ. ಆದರೆ ಒಂದು ಎಚ್ಚರಿಕೆ. ಮೊದಲನೇ ರೂಪದ ಕಾಯಿಲೆ ಮೇಲ್ನೋಟಕ್ಕೆ ಕಾಣಲ್ಲ, ಆದ್ದರಿಂದ "ಇಲ್ಲ" ಅಂತ ಹೇಳೋಕೆ ಮುಂಚೆ ವೈದ್ಯರ ಹತ್ತಿರ ಎಕ್ಸ್‌ರೇ ತೆಗೆಸಿ ನೋಡಬೇಕು. ಮದುವೆಗೆ ಮುಂಚೆ ತಳಿಸಲಹೆ ಕೊಡೋ ವೈದ್ಯರನ್ನು ಕಾಣಬಹುದು. ಅಲ್ಲಿ ಲೆಕ್ಕ ಹೇಳ್ತಾರೆ, ತೀರ್ಮಾನ ನಿಮ್ಮದೇ.

ಮತ್ತೆ ಅಮೀರ್‌ಪೇಟ್ ಪ್ಲಾಟ್‌ಫಾರ್ಮಿಗೆ ಬರೋಣ. ಒಂದು ರೈಲು ರೋಗಿಯನ್ನು ಆಸ್ಪತ್ರೆಗೆ ಒಯ್ಯುತ್ತೆ, ಇನ್ನೊಂದು ಸಂಶೋಧಕರನ್ನು ಲ್ಯಾಬಿಗೆ ಒಯ್ಯುತ್ತೆ. ಇಲ್ಲಿ ಇಬ್ಬರೂ ಒಂದೇ ಮೆಟ್ಟಿಲು ಇಳಿಯಬಹುದು, ಮಾತಾಡದೆ ತಮ್ಮ ತಮ್ಮ ದಾರಿ ಹಿಡಿಯಬಹುದು. ಹಂದಿಗೋಡಿನ ವಿಷಯದಲ್ಲಿ ಒಂದು ಕಾಲದಲ್ಲಿ ಲ್ಯಾಬಿನವರೇ ಎದ್ದು ಸಾಗರದ ಗದ್ದೆಯವರೆಗೆ ಬಂದಿದ್ದರು. ಅವರು ಕಂಡದ್ದನ್ನು, ಅವರ ನಂತರದವರು ತಿದ್ದಿದ್ದನ್ನು, ನಮ್ಮ ಮಾತಿನಲ್ಲಿ ವಾಪಸ್ ತಲುಪಿಸೋ ಕೆಲಸ ನಮ್ಮದು. ಈ ಸಂಚಿಕೆ ಅದರಲ್ಲಿ ಒಂದು ಸಣ್ಣ ಪಾಲು.

ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ ಕಡೆಯವರು ಇದನ್ನು ಓದುತ್ತಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ, ಶಾಲೆಯ ಮೇಷ್ಟ್ರಿಗೆ ಒಂದು ಸಲ ಓದಿಸಿ. ಮುಂದಿನ ಸಲ ಕಪ್ಪಾದ ಚರ್ಮ ಮತ್ತು ಜೋಳದ ರೊಟ್ಟಿಯ ಕಥೆ, ಅಂದರೆ ಪೆಲ್ಲಾಗ್ರದ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಮಸ್ಕಾರ.